ಸಮಾಧಿಕಲ್ಲಿಗೆ ಒಂದು ಸಾಲು

ದೋಹಾದ ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿ ನನ್ನ ಪಕ್ಕದ ಕುರ್ಚಿ ವೇಲ್ಸ್ ದೇಶದವರೊಬ್ಬರದು. ಅರವತ್ತು ದಾಟಿದವರು. ವರದಿಗಾರರು ಕಳಿಸಿದ್ದನ್ನು ಕತ್ತರಿಸಿ ಪುಟಕ್ಕೆ ಹೊಂದಿಸುವುದು ನಮ್ಮಿಬ್ಬರ ಕೆಲಸ. ಪಕ್ಕದ ಹೊಸ ನಗರ ಲುಸೈಲ್‌ನ ಯಾವುದೋ ಕಟ್ಟಡ ‘ಭವ್ಯ’ ಎಂದು ಬಂದರೆ ಅವರು ಆ ಪದ ಅಳಿಸಿ, ಎಷ್ಟು ಮಹಡಿ ಎಂದು ಪಕ್ಕದಲ್ಲಿ ಬರೆಯುತ್ತಿದ್ದರು. ಅಪಘಾತದ ಸುದ್ದಿಯಲ್ಲಿ ‘ದಾರುಣ’ ಇದ್ದರೆ ಅದೂ ಹೋಗುತ್ತಿತ್ತು. “ನೋಡಿದವರು ಯಾರು, ಹೇಳಿದವರು ಯಾರು?” ಎಂಬುದು ಅವರ ಮಾಮೂಲು ಪ್ರಶ್ನೆ. ಹೊಸಬರಿಗೆ ಅವರೆಂದರೆ ಸಿಟ್ಟು. ನನಗೆ ಅವರ ಜೊತೆ ಕೆಲಸ ಸುಲಭವಾಗಿತ್ತು, ಮಾತು ಹೆಚ್ಚು ಬೇಕಾಗುತ್ತಿರಲಿಲ್ಲ.

ಅವರ ಕರಾರು ಮುಗಿದು ವೀಸಾ ರದ್ದಾಗುವ ಹೊತ್ತಿಗೆ ಅವರ ಊರಿನಿಂದ ಅವರ ತಂಗಿಯ ಫೋನುಗಳು ಶುರುವಾದವು. ತಾಯಿ ಆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ತಂದೆಯ ಸಮಾಧಿಕಲ್ಲಿನಲ್ಲೇ ತಾಯಿಯ ಹೆಸರನ್ನೂ ಕೆತ್ತಬೇಕಿತ್ತು. ಹೇಗೂ ಕೆತ್ತುವವನು ಬರುತ್ತಾನೆ, ತಂದೆಯ ಹೆಸರಿನ ಕೆಳಗೆ ಯುದ್ಧದ ಬಗ್ಗೆಯೂ ಒಂದು ಸಾಲು ಹಾಕಿಸೋಣ ಎಂದು ತಂಗಿಯ ಆಸೆ. ಅವಳೇ ಬರೆದದ್ದು ಹೀಗಿತ್ತು: ‘ಜಪಾನಿಯರ ಸೆರೆಯಲ್ಲಿ ನರಳಿ ಬದುಕಿ ಬಂದ ವೀರ’. ಅಣ್ಣ ಪತ್ರಿಕೆಯವನು, ತಿದ್ದಿ ಒಪ್ಪಿಗೆ ಕೊಡಲಿ ಎಂದು ಕಾಯುತ್ತಿದ್ದಳು.

ಅವರು ಒಪ್ಪಿಗೆ ಕೊಡುತ್ತಿರಲಿಲ್ಲ. ಬೇರೆ ಸಾಲನ್ನೂ ಕೊಡುತ್ತಿರಲಿಲ್ಲ. ಕಂಪ್ಯೂಟರಿನ ಮೂಲೆಯಲ್ಲಿ ಆ ಸಾಲನ್ನು ತೆರೆದಿಟ್ಟುಕೊಂಡು ದಿನದ ಕೆಲಸ ಮಾಡುತ್ತಿದ್ದರು. ಪುಟ ಕಟ್ಟುವ ಮಲಯಾಳಿ ಒಂದು ದಿನ ಇಣುಕಿ ನೋಡಿ, “ಸಾರ್, ಇನ್ನೂ ಇಷ್ಟೇನಾ? ನಮ್ಮ ಮೊದಲ ಪುಟ ಇದಕ್ಕಿಂತ ಬೇಗ ಆಗತ್ತೆ. ಯಲ್ಲಾ, ಬೇಗ ಖಲಾಸ್ ಮಾಡಿ” ಎಂದ.

“ಮೊದಲ ಪುಟ ನಾಳೆ ರದ್ದಿಗೆ ಹೋಗ್ತದೆ. ಇದು ಹೋಗೋದಿಲ್ಲ” ಎಂದರು ಇವರು.

ಅವರ ತಂದೆ ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರ ಬಿದ್ದಾಗ ಸೆರೆಸಿಕ್ಕಿದ ಸಿಪಾಯಿ. ಜಪಾನಿಯರು ಅವರನ್ನು ಸಯಾಮಿಗೆ, ಅಂದರೆ ಈಗಿನ ಥಾಯ್ಲೆಂಡಿಗೆ ಸಾಗಿಸಿ, ಕಾಡಿನಲ್ಲಿ ರೈಲು ಹಾದಿ ಹಾಕುವ ಕೆಲಸಕ್ಕೆ ಹಚ್ಚಿದರು. ಯುದ್ಧ ಮುಗಿಯುವವರೆಗೂ ಸೆರೆ. ಊರಿಗೆ ಮರಳಿದ ಮೇಲೆ ಶಾಲೆಯೊಂದರ ಬಾಯ್ಲರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು, ನಿವೃತ್ತಿಯವರೆಗೂ ಅದನ್ನೇ ಮಾಡಿದರು. ಸಯಾಮಿನ ಬಗ್ಗೆ ಮನೆಯಲ್ಲಿ ಮಾತಾಡಲಿಲ್ಲ. ನನ್ನ ಸಹೋದ್ಯೋಗಿ ಇಷ್ಟನ್ನೂ ನನಗೆ ಒಂದೇ ಉಸಿರಿನಲ್ಲಿ, ಸುದ್ದಿಯ ಮೊದಲ ಪ್ಯಾರಾದ ಹಾಗೆ ಹೇಳಿದ್ದರು. ಹೇಳಲು ಕಾರಣ ನನ್ನ ಬುತ್ತಿ. ಹೊಟ್ಟೆ ಕೆಟ್ಟ ದಿನ ನಾನು ಫ್ಲಾಸ್ಕಿನಲ್ಲಿ ಗಂಜಿ ತಂದಿದ್ದೆ. ಅವರು ಮುಚ್ಚಳದೊಳಗೆ ನೋಡಿ, ಇದು ಏನು, ಹೇಗೆ ಮಾಡುತ್ತಾರೆ, ನೀರು ಎಷ್ಟು ಎಂದು ಕೇಳಿದರು. ಅಪ್ಪ ಅಲ್ಲಿ ಇಂಥದ್ದನ್ನೇ ತಿಂದದ್ದಿರಬೇಕು ಎಂದರು. ಹೋಗುವ ಮೊದಲು ಒಮ್ಮೆ ತಿಂದು ನೋಡಬೇಕು, ಆಮೇಲೆ ಬಹುಶಃ ಸಾಲು ಬರೆಯಲು ಆಗಬಹುದು ಎಂದೂ ಹೇಳಿದರು.

ಶುಕ್ರವಾರ ಊಟಕ್ಕೆ ಕರೆದೆ. ಹೆಂಡತಿಗೆ ವಿಷಯ ಹೇಳಿದಾಗ ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಅವಳು ಪುತ್ತೂರಿನ ಕಡೆಯವಳು.

“ನಿಮಗೆ ಎಂತ ಮರ್ಲಾ? ಮನೆಗೆ ಬಂದವರಿಗೆ ಗಂಜಿ ಬಡಿಸುದಾ?”

“ಅವರೇ ಕೇಳಿದ್ದು ಮಾರಾಯ್ತಿ.”

“ಅವರು ಕೇಳ್ತಾರೆ, ಅವರಿಗೆ ಗೊತ್ತಿಲ್ಲ. ಊರಿಗೆ ಹೋಗುವ ಮನುಷ್ಯ. ಇಷ್ಟು ವರ್ಷ ಜೊತೆಗಿದ್ದು ಕಡೆಗೆ ಗಂಜಿ ಕೊಟ್ಟು ಕಳಿಸಿದ್ರು ಅಂತ ಆಗ್ಬೇಕಾ? ನೀವು ಸುಮ್ಮನಿರಿ.”

ನಾನು ಸುಮ್ಮನಿದ್ದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅಡುಗೆಮನೆಯ ವಿಷಯಕ್ಕೆ ನಾನು ತಲೆಹಾಕಿ ಗೆದ್ದದ್ದಿಲ್ಲ.

ಹಾಗಾಗಿ ಆ ಶುಕ್ರವಾರ ಮೇಜಿನ ಮೇಲೆ ನೀರುದೋಸೆ, ಕೋಳಿ ಗಸಿ, ತುಪ್ಪದಲ್ಲಿ ಹುರಿದ ಬಾಸ್ಮತಿ ಅನ್ನ, ಹುರಿದ ಮೀನು, ಪಾಯಸ ಎಲ್ಲ ಇದ್ದವು. ವೇಲ್ಸ್‌ನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಬಡಿಸಿದ್ದೆಲ್ಲ ತಿಂದರು, ಬೆವರಿದರು, ಹೊಗಳಿದರು. ಪಾಯಸ ಮುಗಿದ ಮೇಲೆ ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು, “ಇದರಲ್ಲಿ ಗಂಜಿ ಕಾಣಲಿಲ್ಲವಲ್ಲ?”

ನಾನು ಹೆಂಡತಿಯ ಮುಖ ನೋಡಿದೆ. ಅವಳು ಗೋಡೆ ನೋಡಿದಳು.

ಅವರು ತಮ್ಮ ಅಭ್ಯಾಸದಂತೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೊರಟರು. ಹೆಂಡತಿ “ನೋ ನೋ, ಪ್ಲೀಸ್, ಲೀವ್ ಇಟ್” ಎನ್ನುತ್ತ ಹಿಂದೆಯೇ ಓಡಿದಳು. ಒಲೆಯ ಮೇಲೆ ನಮ್ಮಿಬ್ಬರ ಸಂಜೆಯ ಊಟಕ್ಕೆಂದು ಮಾಡಿಟ್ಟ ಕುಚ್ಚಲಕ್ಕಿ ಗಂಜಿಯ ಪಾತ್ರೆ ಇತ್ತು. ಅವರು ಮುಚ್ಚಳ ತೆಗೆದು ನೋಡಿದರು.

“ಇದೇ ಅಲ್ಲವಾ?”

ಇನ್ನು ಮುಚ್ಚಿಡುವಂತಿರಲಿಲ್ಲ. ಹೆಂಡತಿ ನನಗೆ ಕನ್ನಡದಲ್ಲಿ, “ಮರ್ಯಾದೆ ಎಲ್ಲ ಹೋಯ್ತು. ಹೋಗಿ ಒಂದು ಒಳ್ಳೆ ಬಟ್ಟಲಾದ್ರೂ ತನ್ನಿ” ಎಂದಳು.

ಗಂಜಿ ಇಟ್ಟು ಹೊತ್ತಾದರೆ ಅನ್ನದ ಅಗುಳು ತಳಕ್ಕೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ನಮ್ಮ ಕಡೆ ಯಾರ ಮೇಲೆ ಪ್ರೀತಿಯೋ ಅವರಿಗೆ ಸೌಟನ್ನು ತಳಕ್ಕಿಳಿಸಿ ಅಗುಳು ಎತ್ತಿ ಬಡಿಸುತ್ತೇವೆ. ಬಡಿಸುವವಳು ಕೊನೆಗೆ ತಿಳಿ ಕುಡಿಯುತ್ತಾಳೆ. ಹೆಂಡತಿಯೂ ಹಾಗೇ ಸೌಟನ್ನು ತಳಕ್ಕೆ ಇಳಿಸಿದಳು. ಹೋದ ಮರ್ಯಾದೆಯನ್ನು ಹಾಗಾದರೂ ಸರಿಮಾಡಬೇಕಿತ್ತು.

“ಬೇಡ” ಎಂದರು ಅವರು. ದನಿ ಸ್ವಲ್ಪ ಏರಿತ್ತು. “ಮೊದಲು ತಿರುವಿ. ದಯವಿಟ್ಟು. ಒಬ್ಬೊಬ್ಬರಿಗೆ ಬಡಿಸುವಾಗಲೂ ತಿರುವಬೇಕು.”

ಹೆಂಡತಿ ಸೌಟು ಹಿಡಿದು ನಿಂತಳು. ಅವರು ಬಟ್ಟಲನ್ನು ಕಟ್ಟೆಯ ಮೇಲಿಟ್ಟರು.

“ನನ್ನ ಅಪ್ಪ ಹಾಗೆ ಮಾಡುತ್ತಿದ್ದರು. ಮನೆಯಲ್ಲಿ ಸೂಪ್ ಬಡಿಸುವುದು ಅವರೇ. ನಾವು ನಾಲ್ಕೇ ಜನ. ಪ್ರತಿಯೊಬ್ಬರ ಬಟ್ಟಲಿಗೂ ಮೊದಲು ಪಾತ್ರೆಯನ್ನು ತಳದಿಂದ ತಿರುವುತ್ತಿದ್ದರು. ನಿಧಾನಕ್ಕೆ. ಸೂಪ್ ಆರಿಹೋಗುತ್ತದೆ ಎಂದು ಅಮ್ಮ ಜಗಳ ಮಾಡುತ್ತಿದ್ದಳು. ತಮ್ಮ ಬಟ್ಟಲಿಗೆ ಕೊನೆಗೆ ಹಾಕಿಕೊಳ್ಳುತ್ತಿದ್ದರು, ಅದಕ್ಕೂ ತಿರುವುತ್ತಿದ್ದರು.”

“ಅವರಿಗೆ ಅಡುಗೆ ಬರ್ತಿತ್ತಾ?” ಹೆಂಡತಿ ಕೇಳಿದಳು. ಮಾತು ಮುಂದುವರಿಸಬೇಕಲ್ಲ ಎಂದು ಕೇಳಿದ್ದು.

“ಅಲ್ಲಿ ಅವರು ಅಡುಗೆಯವರು” ಎಂದರು. “ಕೈದಿಗಳ ಅಡುಗೆ. ಅದನ್ನು ನಾನು ಯಾರಿಗೂ ಹೇಳಿಲ್ಲ.”

ಅಡುಗೆಮನೆಯಲ್ಲೇ ನಿಂತು ಹೇಳಿದರು. ಅವರ ಊರಿನವನೇ ಇನ್ನೊಬ್ಬ ಸಿಪಾಯಿ ಅದೇ ಸೆರೆಯಲ್ಲಿದ್ದ. ಅವನೂ ಬದುಕಿ ಬಂದಿದ್ದ, ಆದರೆ ಮತ್ತೆ ಪೂರ್ತಿ ಆರೋಗ್ಯ ಕಾಣಲಿಲ್ಲ. ಇವರು ಚಿಕ್ಕಂದಿನಲ್ಲಿ ಅಪ್ಪನ ಕೈ ಹಿಡಿದು ಪೇಟೆಗೆ ಹೋಗುವಾಗ ಆ ಮನುಷ್ಯ ಎದುರಾದರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ. ಅಪ್ಪ ಪ್ರತಿ ಸಲವೂ ಟೋಪಿ ಎತ್ತುತ್ತಿದ್ದರು. ಒಮ್ಮೆ ಶಾಲೆಯ ಆಟದ ಬಯಲಿನಲ್ಲಿ ಆ ಮನುಷ್ಯನ ಮಗಳು ಇವರಿಗೆ ಹೇಳಿದಳು: “ನಿನ್ನ ಅಪ್ಪ ಅಲ್ಲಿ ಚೆನ್ನಾಗಿ ತಿಂದಿದ್ದಾನೆ. ಸೌಟು ಅವನ ಕೈಲಿತ್ತು.”

“ನೀವು ಅಪ್ಪನನ್ನು ಕೇಳಲಿಲ್ಲವಾ?” ಎಂದೆ.

“ಇಲ್ಲ.”

“ತಂಗಿಗೆ ಹೇಳಿದಿರಾ?”

“ಅವಳು ಚಿಕ್ಕವಳು. ಅವಳಿಗೆ ಅಪ್ಪ ವೀರನೇ. ಆದರೆ ಆ ಹುಡುಗಿ ಈಗಲೂ ಅದೇ ಊರಿನಲ್ಲಿದ್ದಾಳೆ. ಅವಳ ಅಪ್ಪನ ಸಮಾಧಿಯೂ ಅಲ್ಲೇ ಇದೆ. ಹೂ ಇಡಲು ಬಂದಾಗ ನಮ್ಮ ಕಲ್ಲನ್ನು ಓದುತ್ತಾಳೆ. ನರಳಿದ ವೀರ ಎಂದು ಓದಿ ಏನೆಂದುಕೊಳ್ಳುತ್ತಾಳೆ?”

ಹೆಂಡತಿ ಪಾತ್ರೆಯನ್ನು ತಳದಿಂದ ತಿರುವಿ, ಅಗುಳೂ ತಿಳಿಯೂ ಸಮನಾಗಿ ಒಂದು ಸೌಟು ಬಡಿಸಿದಳು. ಮತ್ತೆ ತಿರುವಿ ನನಗೆ, ಮತ್ತೆ ತಿರುವಿ ತನಗೆ. ತುಂಬಿದ ಹೊಟ್ಟೆಯಲ್ಲಿ ಮೂವರೂ ಕೂತು ಗಂಜಿ ಕುಡಿದೆವು. ನಾವು ಉಪ್ಪಿನಕಾಯಿ ನಂಜಿಕೊಂಡೆವು, ಅವರು ಮುಟ್ಟಲಿಲ್ಲ. ಅರ್ಧ ಮುಗಿಸಿ ಚಮಚ ಕೆಳಗಿಟ್ಟರು.

“ರುಚಿಯಾಗಿದೆ. ಹಾಗಾಗಿ ಇದು ಅದಲ್ಲ” ಎಂದರು. “ಅಪ್ಪ ತಿಂದದ್ದು ಏನೆಂದು ನನಗೆ ಗೊತ್ತಾಗುವುದಿಲ್ಲ. ಅವರು ಅಲ್ಲಿ ಕದ್ದರಾ, ಸಮನಾಗಿ ಹಂಚಿದರಾ, ಅದೂ ಗೊತ್ತಾಗುವುದಿಲ್ಲ. ಮನೆಯಲ್ಲಿ ತಿರುವುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಅಷ್ಟು ಮಾತ್ರ.”

“ಕದ್ದವನು ಹಾಗೆ ತಿರುವುದಿಲ್ಲ” ಎಂದಳು ಹೆಂಡತಿ.

“ತಿರುವಲೂಬಹುದು” ಎಂದರು ಅವರು. “ಕದ್ದಿದ್ದರೂ ಆಮೇಲೆ ತಿರುವಬಹುದು.”

ಅವಳು ಎದ್ದು ಚಹಾಕ್ಕೆ ನೀರಿಟ್ಟಳು.

ಮಧ್ಯಾಹ್ನದ ಚಹಾ ಆದ ಮೇಲೆ ಅವರು ನಮ್ಮ ಹಜಾರದಲ್ಲೇ ಕೂತು ತಂಗಿಗೆ ಫೋನ್ ಮಾಡಿದರು. ನಾವು ಎದ್ದು ಹೋಗಲು ನೋಡಿದೆವು, ಕೂರಿ ಎಂದು ಕೈಸನ್ನೆ ಮಾಡಿದರು. ಆ ಕಡೆಯ ದನಿ ನಮಗೂ ಕೇಳುತ್ತಿತ್ತು.

“ನರಳಿದ್ದು ತೆಗಿ. ವೀರ ತೆಗಿ” ಎಂದರು. “ರೆಜಿಮೆಂಟಿನ ಹೆಸರು ಇರಲಿ. ಆಮೇಲೆ, ಸಯಾಮಿನಲ್ಲಿ ಯುದ್ಧಕೈದಿ. ಆಮೇಲೆ, ಅಡುಗೆಯವ.”

“ಏನಂದೆ?”

“ಅಡುಗೆಯವ. ಅಪ್ಪ ಅಲ್ಲಿ ಅಡುಗೆ ಮಾಡುತ್ತಿದ್ದರು.”

“ಯಾರು ಹೇಳಿದ್ದು ನಿನಗೆ?”

ಅವರು ಆ ಹುಡುಗಿಯ ಹೆಸರು ಹೇಳಿದರು. ಆಟದ ಬಯಲಿನ ಮಾತನ್ನೂ ಇದ್ದ ಹಾಗೇ ಹೇಳಿದರು. ತಂಗಿ ಅತ್ತಳೋ ಸಿಟ್ಟಾದಳೋ ಫೋನಿನಲ್ಲಿ ತಿಳಿಯಲಿಲ್ಲ. “ಇಷ್ಟು ವರ್ಷ ನನಗೆ ಹೇಳಲಿಲ್ಲ ನೀನು” ಎಂದಳು. “ಅದನ್ನು ಕಲ್ಲಿನ ಮೇಲೆ ಹಾಕಿದರೆ ಅವಳ ಮಾತನ್ನು ನಾವೇ ಒಪ್ಪಿಕೊಂಡ ಹಾಗೆ ಆಗುತ್ತದೆ.”

“ಏನನ್ನೂ ಒಪ್ಪಿಕೊಳ್ಳುತ್ತಿಲ್ಲ. ಅಲ್ಲಗಳೆಯುತ್ತಲೂ ಇಲ್ಲ. ಇದು ಮಾತ್ರ ನಿಜ.”

“ಯೋಚಿಸುತ್ತೇನೆ” ಎಂದು ಅವಳು ಫೋನ್ ಇಟ್ಟಳು.

ಮರುವಾರ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡುವಾಗಲೂ ತಂಗಿ ಯೋಚಿಸುತ್ತಲೇ ಇದ್ದಳು. ತುಂಬ ದಣಿದಂತೆ ಕಾಣುತ್ತಿದ್ದರು. ವೆಸ್ಟ್ ಬೇ ಬಡಾವಣೆ ದಾಟುವಾಗ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಬೇಸಿಗೆಯಲ್ಲಿ ಒಂದು ಫೋಟೋ ಬಂತು. ಹಳೆಯ ಕಲ್ಲು, ಕಪ್ಪುಗಟ್ಟಿದ ಹಳೆಯ ಅಕ್ಷರಗಳು, ಕೆಳಗೆ ಬಿಳಿಚಿಕೊಂಡ ಹೊಸ ಅಕ್ಷರಗಳು. ಅವರು ಹೇಳಿದ್ದಷ್ಟೇ ಇತ್ತು, ಕೊನೆಯ ಪದವೂ ಇತ್ತು. ಜೊತೆಗೆ ಅವರು ಬರೆದಿದ್ದರು: ಭಾನುವಾರ ಆಟದ ಬಯಲಿನ ಆ ಹುಡುಗಿ ಬಂದಿದ್ದಳು, ಈಗ ಕೋಲು ಊರಿಕೊಂಡು ನಡೆಯುತ್ತಾಳೆ. ನಮ್ಮ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ತನ್ನ ಅಪ್ಪನ ಕಲ್ಲಿನ ಕಡೆ ಹೋದಳು.

ಏನಾದರೂ ಹೇಳಿದಳಾ ಎಂದು ನಾನು ಕೇಳಿದೆ. ಮುಖ ಹೇಗಿತ್ತು ಎಂದೂ ಕೇಳಿದೆ.

ಬೆನ್ನು ಮಾತ್ರ ಕಂಡಿತು, ದೂರದಲ್ಲಿದ್ದೆ ಎಂದು ಉತ್ತರ ಬಂತು.