ಅಣ್ಣನ ಜೊತೆಗೆಂದು ತೆಗೆದ ಸೀಟು

ಸಿಇಟಿಯಲ್ಲಿ ನನಗೆ ಒಳ್ಳೆಯ ರ‍್ಯಾಂಕ್ ಬಂದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಚಿಂತೆಗೆ ಬಿದ್ದವರು ದೊಡ್ಡಪ್ಪ. ನಾನು ಅಣ್ಣ ಎನ್ನುತ್ತಿದ್ದ ಅವರ ಮಗನೂ ಅದೇ ವರ್ಷ ಪರೀಕ್ಷೆ ಬರೆದಿದ್ದ. ಅವನ ರ‍್ಯಾಂಕ್ ನನ್ನದಕ್ಕಿಂತ ಎಷ್ಟೋ ಹಿಂದೆ. ಇಂಥ ಹೊತ್ತಿನಲ್ಲಿ ಬೇರೆ ಮನೆಗಳಲ್ಲಿ ಕಾಲೇಜಿನ ಬಗ್ಗೆ ಮಾತಾಡುತ್ತಿದ್ದರೇನೋ. ಫರಂಗಿಪೇಟೆಯ ನಮ್ಮ ಮನೆಯಲ್ಲಿ ಮಾತಾಡಿದ್ದು ಬಸ್ಸಿನ ಬಗ್ಗೆ.

"ಹೆಣ್ಣುಹುಡುಗಿ ದಿನಾ ಒಬ್ಬಳೇ ಬಸ್ಸಲ್ಲಿ ಹೋಗುದು ಬೇಡ. ಅಣ್ಣ ಸೇರುವ ಕಾಲೇಜಿಗೇ ಇವಳನ್ನೂ ಹಾಕುವ. ಒಟ್ಟಿಗೆ ಹೋಗ್ಲಿ, ಒಟ್ಟಿಗೆ ಬರ್ಲಿ" ಎಂದರು ದೊಡ್ಡಪ್ಪ. ಬಹಳ ವರ್ಷ ಗಲ್ಫಿನಲ್ಲಿ ದುಡಿದು ಬಂದ ಅವರ ಮಾತಿಗೆ ಅವರ ತಮ್ಮ, ನನ್ನ ಉಪ್ಪ, ಎದುರಾಡಿದ್ದನ್ನು ನಾನು ಕಂಡೇ ಇಲ್ಲ.

ನನಗೆ ಬೇಕಿದ್ದದ್ದು ಎಲೆಕ್ಟ್ರಾನಿಕ್ಸ್. ಗಲ್ಫಿನಿಂದ ಬಂದು ಕೆಟ್ಟು ಕೂತ ಟೇಪ್ ರೆಕಾರ್ಡರ್‌ಗಳನ್ನು ಬಿಚ್ಚಿ, ಉಮ್ಮನಿಂದ ಬೈಸಿಕೊಂಡು, ಮತ್ತೆ ಹಾಡಿಸಿದವಳು ನಾನು. ದೊಡ್ಡಪ್ಪನ ಮನೆಯದ್ದನ್ನೂ ನಾನೇ ಸರಿಮಾಡಿದ್ದೆ. ಅವರ ಮಗನಿಗೆ ಅದರಲ್ಲಿ ಬ್ಯಾಟರಿ ಯಾವ ಕಡೆಯಿಂದ ಹಾಕಬೇಕೆಂದೂ ಗೊತ್ತಿರಲಿಲ್ಲ.

ಸೀಟು ಆರಿಸುವ ಕೌನ್ಸೆಲಿಂಗಿಗೆ ಮೇಲಿನ ರ‍್ಯಾಂಕಿನವರನ್ನು ಮೊದಲು ಕರೆಯುತ್ತಾರೆ. ಹಾಗಾಗಿ ಅಣ್ಣನಿಗೆ ಎಲ್ಲಿ ಸೀಟು ಸಿಗಬಹುದೆಂದು ಊಹಿಸಿ, ಅದನ್ನೇ ನಾನು ಅವನಿಗಿಂತ ಮೊದಲು ಹೋಗಿ ಆರಿಸಬೇಕಿತ್ತು. ದೊಡ್ಡವರೆಲ್ಲ ಕೂತು ತೀರ್ಮಾನಿಸಿದರು: ಮೂಡಬಿದಿರೆ ಕಡೆಯ ಒಂದು ಕಾಲೇಜು, ಆಗ ಯಾರೂ ಅಷ್ಟಾಗಿ ಕೇಳದಿದ್ದ ಸಿವಿಲ್. ಬ್ರಾಂಚೂ ಒಂದೇ ಆದರೆ ಕ್ಲಾಸು ಬಿಡುವ ಹೊತ್ತೂ ಒಂದೇ ಆಗುತ್ತದಂತೆ. ನನ್ನ ರ‍್ಯಾಂಕಿಗೆ ಮಂಗಳೂರಿನಲ್ಲೇ ಎಲೆಕ್ಟ್ರಾನಿಕ್ಸ್ ಸಿಗುತ್ತಿತ್ತು. ಮನೆಯೆದುರು ಹತ್ತಿದರೆ ಒಂದೇ ಬಸ್ಸು. ಮೂಡಬಿದಿರೆಗಾದರೆ ಬಿ.ಸಿ. ರೋಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ನನ್ನ ಕ್ಷೇಮಕ್ಕಾಗಿ ನನ್ನನ್ನು ಎರಡು ಪಟ್ಟು ದೂರ ಕಳಿಸುವ ಈ ಬುದ್ಧಿವಂತಿಕೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೌನ್ಸೆಲಿಂಗ್ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಗಸಿಗೆ ಉಪ್ಪ "ಸಿವಿಲ್, ಮೂಡಬಿದಿರೆ" ಎಂದರು. ಆಕೆ ನನ್ನ ರ‍್ಯಾಂಕ್ ನೋಡಿ, "ಮಂಗಳೂರಲ್ಲೇ ಎಲೆಕ್ಟ್ರಾನಿಕ್ಸ್ ಉಂಟಲ್ಲ, ಯೋಚನೆ ಮಾಡಿ" ಎಂದಳು.

"ನನಗೆ ಎಲೆಕ್ಟ್ರಾನಿಕ್ಸೇ ಬೇಕು" ಎಂದೆ.

ಆಕೆ ಉಪ್ಪನ ಮುಖ ನೋಡಿದಳು. ನೋಡಬೇಕಾಗಿದ್ದದ್ದು ನನ್ನ ಮುಖ. ಪರೀಕ್ಷೆ ಬರೆದದ್ದು ನಾನು, ನಾಲ್ಕು ವರ್ಷ ಓದಬೇಕಾದವಳೂ ನಾನು. ಉಪ್ಪ ತಲೆ ಎತ್ತದೆ, "ಸಿವಿಲೇ ಹಾಕಿ" ಎಂದರು. ಆಕೆ ಅದನ್ನೇ ಹಾಕಿದಳು.

ಕೆಲವು ದಿನಗಳ ನಂತರ ಅಣ್ಣನ ಸರದಿ ಬಂತು. ಅವನು ಹೋಗಲೇ ಇಲ್ಲ. ಅವನಿಗೆ ಮೈಸೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಆಗಿತ್ತು. ಎಲೆಕ್ಟ್ರಾನಿಕ್ಸ್. ದೊಡ್ಡಪ್ಪ ಸ್ವೀಟಿನ ಪೆಟ್ಟಿಗೆ ಹಿಡಿದು ನಮ್ಮ ಮನೆಗೇ ಬಂದರು. "ಸಿವಿಲ್‌ಗೆ ಏನು ಭವಿಷ್ಯ ಉಂಟು ಮಾರಾಯ?" ಎಂದು ಉಪ್ಪನನ್ನು ಕೇಳಿದರು. ನಾನು ಅಲ್ಲೇ ನಿಂತಿದ್ದೆ. ನನ್ನ ಸೀಟಿನ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಸ್ವೀಟನ್ನು ನಾನು ಮುಟ್ಟಲಿಲ್ಲ, ಅದನ್ನೂ ಯಾರೂ ಗಮನಿಸಲಿಲ್ಲ.

ಕಾಲೇಜು ಶುರುವಾದ ದಿನ ಉಪ್ಪ ಬಿ.ಸಿ. ರೋಡಿನ ಬಸ್ ಸ್ಟಾಂಡಿನವರೆಗೆ ಬಂದು, ಕಂಡಕ್ಟರಿಗೆ "ಸ್ವಲ್ಪ ನೋಡಿಕೊಳ್ಳಿ" ಎಂದು ಹೇಳಿ ಹೋದರು. ಮರುದಿನದಿಂದ ಅದೂ ಇಲ್ಲ. ಬಿ.ಸಿ. ರೋಡಿನಲ್ಲಿ ಇಳಿದು, ನೂಕಾಡಿ ಇನ್ನೊಂದು ಬಸ್ಸು ಹತ್ತಿ, ಸಿದ್ಧಕಟ್ಟೆಯ ತಿರುವುಗಳಲ್ಲಿ ಕಂಬಿ ಹಿಡಿದು ನಿಂತು ನಾನೊಬ್ಬಳೇ ಹೋಗಿ ಬಂದೆ. ಹೆಣ್ಣುಹುಡುಗಿ ಒಬ್ಬಳೇ ಹೋಗಬಾರದೆಂಬ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಆ ವರ್ಷದ ಹಬ್ಬದ ಊಟಕ್ಕೆ ಎಲ್ಲರೂ ಸೇರಿದ್ದಾಗ ದೊಡ್ಡಪ್ಪ ನೆಂಟರಿಗೆ ನನ್ನನ್ನು ತೋರಿಸಿ, "ನಮ್ಮ ಹುಡುಗಿಯ ಧೈರ್ಯ ನೋಡಿ. ಒಬ್ಬಳೇ ಮೂಡಬಿದಿರೆಗೆ ಹೋಗಿ ಬರ್ತಾಳೆ" ಎಂದರು. ಅವರ ದನಿಯಲ್ಲಿ ನಿಜವಾದ ಹೆಮ್ಮೆ ಇತ್ತು. ಅದೇ ನನ್ನ ತಲೆ ಕೆಡಿಸಿತು.

"ಮಂಗಳೂರಿನ ಬಸ್ಸಿಗೆ ಈ ಧೈರ್ಯ ಸಾಕಾಗ್ತಿರ್ಲಿಲ್ವಾ ದೊಡ್ಡಪ್ಪ?" ಎಂದು ಕೇಳಿದೆ.

ದೊಡ್ಡಪ್ಪ ನನ್ನ ತಟ್ಟೆಗೆ ಇನ್ನಷ್ಟು ಬಿರಿಯಾನಿ ಹಾಕಿ, "ಹಳೇ ವಿಷಯ ಈಗ ಯಾಕೆ? ಊಟ ಮಾಡು" ಎಂದರು.

ಅವರಿಗೆ ಅದು ಆಗಲೇ ಹಳೆಯ ವಿಷಯ. ನಾನು ಇನ್ನೂ ಮೂರು ವರ್ಷ ಆ ಬಸ್ಸು ಹತ್ತಬೇಕಿತ್ತು.