ಮಾವನ ಬೆಂಕಿಪೊಟ್ಟಣ

ಹೊಸನಗರದ ಕಡೆಯ ಕಾಡಿನಲ್ಲಿ ಕದ್ದು ಭಟ್ಟಿ ಇಳಿಸುತ್ತಿದ್ದ ನನ್ನ ಸೋದರಮಾವನ ಮಡಕೆಗಳನ್ನು ಅಬಕಾರಿಯವರು ಮತ್ತೆ ಒಡೆದುಹಾಕಿದರು. ಆಗ ಬೆಂಗಳೂರಿನ ಸಾರಾಯಿ ಕಾರ್ಖಾನೆಯಲ್ಲಿ ಕೆಲಸ ಕೊಡಿಸುತ್ತೇನೆಂದು ಅವನನ್ನು ಹೊರಡಿಸಿದವನು ನಾನೇ. ಎಪ್ಪತ್ತರ ದಶಕದ ಕೊನೆ. ನನಗೆ ಬುದ್ಧಿ ಇರಲಿಲ್ಲ.

ಅಲ್ಲಿನ ಆಳೆತ್ತರದ ಹಂಡೆಗಳನ್ನು ಮಾವ ಸುತ್ತಿ ಸುತ್ತಿ ನೋಡಿದ. "ನಿಂಗೇನ್ ಗೊತ್ತು?" ಎಂದು ಕೇಳಿದ ಮೇಲ್ವಿಚಾರಕ, ಆಗಷ್ಟೇ ಇಳಿದ ಸಾರಾಯಿಯನ್ನು ಲೋಟದಲ್ಲಿ ಕೊಟ್ಟ. ನಮ್ಮ ಕಡೆ ಭಟ್ಟಿಯವರು ಅದನ್ನು ಮೊದಲು ನಾಲಿಗೆಗೆ ಮುಟ್ಟಿಸುವುದಿಲ್ಲ. ಬೆರಳದ್ದಿ, ಆ ಬೆರಳಿಗೇ ಕಡ್ಡಿ ಗೀರಿ ಹಿಡಿಯುತ್ತಾರೆ. ನೀಲಿಯಾಗಿ ಉರಿದರೆ ಮಾಲು ಸೈ. ಮಾವ ಬೆರಳದ್ದಿ, ಜೇಬಿನಿಂದ ಬೆಂಕಿಪೊಟ್ಟಣ ತೆಗೆದ.

ಗೀರುವ ಮೊದಲೇ ಇಬ್ಬರು ಕೆಲಸಗಾರರು ಅವನ ಕೈ ತಿರುಚಿದರು. "ಫ್ಯಾಕ್ಟರಿ ಸುಡೋಕ್ ಬಂದಿದೀಯೇನೋ?" ಎನ್ನುತ್ತ ನಮ್ಮಿಬ್ಬರನ್ನೂ ಗೇಟಿನಾಚೆ ತಳ್ಳಿದರು.

"ಹತ್ಸಿ ನೋಡ್ದೆ ಹೆಂಗ್ ಹೇಳದು ಮಾರಾಯ?" ಎಂದು ಮಾವ ಸಾಗರದಲ್ಲಿ ಬಸ್ಸಿಳಿಯುವವರೆಗೂ ನನ್ನನ್ನೇ ಕೇಳುತ್ತಿದ್ದ.

ಆಮೇಲೆ ಅವನು ಮಡಕೆ ಹೂಡಲಿಲ್ಲ. ಸಾಯುವವರೆಗೂ ಅಂಗಡಿಯಿಂದ ಅದೇ ಕಾರ್ಖಾನೆಯ ಬಾಟಲಿ ತಂದು ಕುಡಿದ. ಕುಡಿಯುವ ಮುನ್ನ ಪ್ರತಿ ಸಲವೂ ಬೆರಳದ್ದಿ ಕಡ್ಡಿ ಗೀರುತ್ತಿದ್ದ. ನೀರು ಬೆರೆಸಿದ ಆ ಮಾಲು ಒಮ್ಮೆಯೂ ಹೊತ್ತಿಕೊಳ್ಳಲಿಲ್ಲ. ಬೆರಳನ್ನು ಪಂಚೆಗೆ ಒರೆಸಿಕೊಂಡು ಲೋಟ ಎತ್ತುತ್ತಿದ್ದ.