ನಮ್ಮೂರ ಸೇರು

ಅಡುಗೆಮನೆ ತುಂಬ ಒಣಶುಂಠಿ, ಮೆಣಸಿನ ಘಾಟು. ಈ ವಾಸನೆ ಬಂತೆಂದರೆ ತೋವಿನಕೆರೆಯ ನಮ್ಮ ತವರಿನ ಎದುರುಮನೆ ಅಜ್ಜಿ ಬಂದ ಹಾಗೆ. ಅವರಿದ್ದಿದ್ದರೆ ನಾನು ಈ ಫೋನಿನ ಜೊತೆ ಬೆಳಗಿನಿಂದ ಜಗಳ ಕಾಯಬೇಕಿರಲಿಲ್ಲ.

ಮಗಳು ಹಸಿ ಬಾಣಂತಿ. ಹನ್ನೊಂದು ದಿನವಾಯಿತು, ಎರಡು ತುತ್ತು ಸೇರುತ್ತಿಲ್ಲ. ಅಜ್ಜಿ ಹೇಳಿ ಬರೆಸಿದ್ದ ಲೇಹ್ಯದ ಚೀಟಿಯನ್ನು ಹುಡುಕಿ ತೆಗೆದೆ. ಒಣಶುಂಠಿ ಐದು ತೊಲ, ಮೆಣಸು ಎರಡು ತೊಲ, ಹಿಪ್ಪಲಿ ಒಂದು ತೊಲ, ಬೆಲ್ಲ ಒಂದು ಸೇರು. ಮಧುಗಿರಿಯ ಯಾವ ಅಂಗಡಿಯಲ್ಲಿ ಈಗ ತೊಲ, ಸೇರು ಕೇಳುವುದು? ತೂಕ ಬದಲಿಸಿ ಹೇಳುವ ಒಂದು ವೆಬ್‌ಸೈಟ್ ತೆರೆದೆ. ತೊಲಕ್ಕೆ ಹತ್ತಿರ ಹತ್ತಿರ ಹನ್ನೊಂದೂಮುಕ್ಕಾಲು ಗ್ರಾಂ, ಸೇರಿಗೆ ಒಂಬೈನೂರ ಮೂವತ್ಮೂರು ಅಂದಿತು. ಹಾಗೇ ತೂಗಿ, ಬೆವರು ಸುರಿಸಿ ಪಾಕ ಇಳಿಸಿದೆ. ಮಗಳು ಒಂದು ಬೆರಳು ನೆಕ್ಕಿ ಬಟ್ಟಲು ತಳ್ಳಿದಳು.

"ಅಮ್ಮಾ, ಇದು ಲೇಹ್ಯನಾ, ಹೋಳಿಗೆ ಹೂರಣನಾ?"

ಬೆಲ್ಲ ಬಿಟ್ಟರೆ ಬೇರೆ ರುಚಿಯೇ ಇರಲಿಲ್ಲ. ಇನ್ನೊಂದು ಸೈಟ್ ನೋಡಿದರೆ ಅದು ಸೇರಿಗೆ ಒಂದೂಕಾಲು ಕೆಜಿ ಅನ್ನುತ್ತದೆ! ಫೋನನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು.

ಆಗ ನೆನಪಾಗಿದ್ದು ಅಜ್ಜಿಯ ಕಲ್ಲು...

ಈ ಮಗಳು ಹುಟ್ಟಿದಾಗ ನನಗೆ ಅಮ್ಮ ಇರಲಿಲ್ಲ. ನೆಂಟರಲ್ಲ, ಇಷ್ಟರಲ್ಲ, ಎದುರುಮನೆ ಅಜ್ಜಿಯೇ ಬಂದು ಬಾಣಂತನ ಮಾಡಿದರು. ಲೇಹ್ಯಕ್ಕೆ ಬೆಲ್ಲ ತೂಗಲು ತಕ್ಕಡಿಯ ಒಂದು ತಟ್ಟೆಗೆ ಬೂದು ಬಣ್ಣದ ನುಣುಪು ಕಲ್ಲೊಂದನ್ನು ಇಡುತ್ತಿದ್ದರು. ಅದೇ ಅವರ ಒಂದು ಸೇರು. ಒಂದು ಅಂಗೈಯಲ್ಲಿ ಹಾಯಾಗಿ ಕೂರುತ್ತಿತ್ತು. ಅದೆಲ್ಲಿ ಒಂಬೈನೂರು ಗ್ರಾಂ ಇದ್ದೀತು? ಕೂಸನ್ನೆತ್ತಿಕೊಂಡು ನಾನು ಹೊರಟ ದಿನ ಆ ಕಲ್ಲನ್ನು ನನ್ನ ಚೀಲಕ್ಕೆ ತುರುಕಿದರು.

"ಪ್ಯಾಟೆ ಸೇರು ಬ್ಯಾರೆ, ನಮ್ಮೂರ ಸೇರು ಬ್ಯಾರೆ ಕಣಮ್ಮ. ಇದ್ನ ಕಳ್ಕೊಂಡ್ಬುಟ್ರೆ ಆಮ್ಯಾಕೆ ಯಾರನ್ನ ಕೇಳ್ತೀಯ?"

ನಾನು ನಕ್ಕಿದ್ದೆ. ಮನೆಗೆ ಬಂದು ಅದನ್ನು ಹಿತ್ತಿಲ ಬಾಗಿಲು ಬಡಿಯದ ಹಾಗೆ ಒತ್ತಿಟ್ಟೆ. ವರ್ಷಗಟ್ಟಲೆ ಅಲ್ಲೇ ಬಿದ್ದಿತ್ತು. ಅಜ್ಜಿ ಹೋದ ಮೇಲೂ ಇತ್ತು. ನೆಲಕ್ಕೆ ಟೈಲ್ಸ್ ಹಾಕಿಸುವಾಗ, "ಅಕ್ಕಾ, ಈ ಕಲ್ಲು ಬೇಕಾ?" ಅಂತ ಗಾರೆಯವನು ಕೇಳಿದ. ಬಿಸಾಕಪ್ಪ ಅಂದವಳು ನಾನೇ. ಒಡೆದ ಗಾರೆಯ ಜೊತೆ ಟ್ರ್ಯಾಕ್ಟರ್ ಹತ್ತಿ ಹೋಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮಧ್ಯಾಹ್ನ ಮತ್ತೆ ಶುಂಠಿ ಕುಟ್ಟಿದೆ. ಈ ಸಲ ಬೆಲ್ಲವನ್ನು ತಕ್ಕಡಿಗೆ ಹಾಕಲಿಲ್ಲ. ಕಣ್ಣು ಮುಚ್ಚಿ ಅಂಗೈ ಮೇಲೆ ಇಟ್ಟುಕೊಂಡೆ. ಚೂರು ಮುರಿದೆ, ಇನ್ನೊಂದು ಚೂರು ಮುರಿದೆ... ಆ ಕಲ್ಲು ಇಷ್ಟೇ ಭಾರವಿತ್ತು ಅನ್ನಿಸಿದಲ್ಲಿಗೆ ನಿಲ್ಲಿಸಿದೆ.

ಸಂಜೆ ಮಗಳು ನೆಲ್ಲಿಕಾಯಿ ಗಾತ್ರದ್ದನ್ನು ತಿಂದು, ಖಾರಕ್ಕೆ ಬಾಯಿ ಸೆಳೆದುಕೊಂಡು, "ಇನ್ನೊಂಚೂರು ಕೊಡಮ್ಮ" ಅಂದಳು. ಸಮಾಧಾನವಾಯಿತು. ನಾನೂ ಒಂದಿಷ್ಟು ಬಾಯಿಗೆ ಹಾಕಿಕೊಂಡೆ. ಅದೇ ರುಚಿಯೋ, ಸಿಹಿ ಒಂದು ಕೈ ಹೆಚ್ಚೋ, ಕಡಿಮೆಯೋ... ತಿಳಿಯಲಿಲ್ಲ. ಆ ಲೇಹ್ಯ ತಿಂದವರಲ್ಲಿ ಉಳಿದಿರುವುದು ನಾನೊಬ್ಬಳೇ, ನನಗೇ ಆ ರುಚಿ ಮರೆತಿದೆ.

ಯಾರನ್ನ ಕೇಳ್ತೀಯ ಅಂತ ಅಜ್ಜಿ ಅವತ್ತೇ ಕೇಳಿದ್ದರು. ಅವರನ್ನೇ ಕೇಳಬಹುದಾಗಿದ್ದ ಅಷ್ಟೂ ವರ್ಷ ಕೇಳದೆ, ಇವತ್ತು ನಾನು ಫೋನನ್ನು ಕೇಳಿದೆ.